ನಿಚ್ಚಣಿಕೆಗೆ ಸೋತ ರಾವುತ: ಧೋಂಡಿಯ ವಾಘನ ಜೀವಿತ

ತುಂಗಭದ್ರೆಯ ಎರಡೂ ದಡಗಳಲ್ಲಿ ಕೋಟೆಯಿಲ್ಲದ ಹಿರಿಯ ಊರನ್ನು ಹುಡುಕಿ ತೆಗೆಯುವುದು ಕಷ್ಟ. ಬಳ್ಳಾರಿಯಿಂದ ಸಿರುಗುಪ್ಪೆಗೆ ಹೋಗುವ ದಾರಿಯಲ್ಲಿರುವ ತೆಕ್ಕಲಕೋಟೆಯು ತನ್ನ ಹೆಸರಿನಲ್ಲಿಯೇ ಕೋಟೆಯನ್ನು ಹೊತ್ತು ನಿಂತಿದೆ. ಅದರ ಸುತ್ತಣ ಬಂಡೆಗುಡ್ಡಗಳಲ್ಲಿ 1963-64ರಲ್ಲಿ ನಡೆದ ಉತ್ಖನನದಿಂದ ನವಶಿಲಾಯುಗದ ಜನವಸತಿ ಬೆಳಕಿಗೆ ಬಂದಿತು. ಕಲ್ಲಿನ ಮೇಲೆ ಕಲ್ಲನ್ನಿಟ್ಟು ಗೋಡೆಯೆಬ್ಬಿಸುವ ವಿದ್ಯೆ ಹುಟ್ಟುವುದಕ್ಕೆ ಬಹು ಮೊದಲೇ ಈ ಸೀಮೆಯ ಮನುಷ್ಯನು ಎತ್ತರದ ನೆಲೆಯನ್ನು ಆಶ್ರಯಿಸಿದ್ದನು. ಮುಂದೆ ಅರಸರು ಬಂದರು, ಪಾಳೆಯಗಾರರು ಬಂದರು. ಗುಡ್ಡವಿದ್ದಲ್ಲಿ ಗುಡ್ಡದ ಮೇಲೆ, ಇಲ್ಲದಲ್ಲಿ ಬಯಲಿನಲ್ಲಿಯೇ ಕೋಟೆಗಳೆದ್ದವು. ಕೋಟೆಯೆದ್ದಲ್ಲಿ ಅದನ್ನು ಹತ್ತುವ ಏಣಿಯೂ ಹಿಂದೆಯೇ ಬಂದಿತು. ಹಳಗನ್ನಡದವರು ನಿಚ್ಚಣಿಕೆ ಎಂದು ಕರೆದುದು ಅದನ್ನೇ. ಮನೆಯ ಅಟ್ಟವನ್ನೇರುವ ಆ ಸಾಮಾನ್ಯ ಸಾಧನವು ಸಾವಿರ ಜನರ ಭವಿತವ್ಯವನ್ನು ಅರ್ಧ ಜಾವದಲ್ಲಿ ನಿರ್ಣಯಿಸಬಲ್ಲುದೆಂಬುದಕ್ಕೆ ಧೋಂಡಿಯ ವಾಘನ ಜೀವಿತವು ನಿದರ್ಶನ.

ತೆಕ್ಕಲಕೋಟೆಯ ಕಡೆಯಿಂದ ಹೊಳೆಯನ್ನು ದಾಟಿದರೆ ಸಿಂಧನೂರು, ಕನಕಗಿರಿಗಳ ನಾಡು. ಕೃಷ್ಣೆ ತುಂಗಭದ್ರೆಗಳ ನಡುವಣ ಆ ಬಯಲಿನಲ್ಲಿ 1800ನೆಯ ಇಸವಿಯ ಸೆಪ್ಟೆಂಬರ್ 10ರಂದು ಧೋಂಡಿಯನು ಕುದುರೆಯಿಂದ ಬಿದ್ದನು. ಹೊಳೆಯ ಈಚಿನ ಬಳ್ಳಾರಿ ಸೀಮೆಯಾದರೋ ಆಗ ಹೈದರಾಬಾದಿನ ನಿಜಾಮನ ಅಧೀನದಲ್ಲಿತ್ತು.

ಧೋಂಡಿಯನು ಹುಟ್ಟಿದ ಊರು ಚನ್ನಗಿರಿ. ಕುಲದಿಂದ ಮರಾಠನು, ಪವಾರ ಮನೆತನದವನು. ವಾಘ್ ಎಂದರೆ ಮರಾಠಿಯಲ್ಲಿ ಹುಲಿ. ಹೈದರಾಲಿಯ ಅಶ್ವಸೇನೆಯಲ್ಲಿ ಸಾಮಾನ್ಯ ರಾವುತನಾಗಿ ಸೇರಿ, ಅನಂತರ ಟಿಪ್ಪುವಿನ ಸೇವೆಯಲ್ಲಿದ್ದನು. ಕಾರ್ನ್‌ವಾಲಿಸನು ಮೈಸೂರಿನ ಮೇಲೆ ದಂಡೆತ್ತಿ ಬಂದ 1791-92ರ ಯುದ್ಧದ ಗೊಂದಲದಲ್ಲಿ ಕೈಗೆ ಸಿಕ್ಕ ಕೊಳ್ಳೆಯೊಡನೆ ತನ್ನ ಒಡೆಯನನ್ನು ಬಿಟ್ಟು ಉತ್ತರಕ್ಕೆ ಸರಿದನು. ಲಕ್ಷ್ಮೇಶ್ವರದ ದೇಸಾಯಿಯ ಬಳಿ ಆಶ್ರಯ ದೊರೆಯಿತು. ಜೊತೆಗೂಡಿದ ಸವಾರರನ್ನು ಕಟ್ಟಿಕೊಂಡು ಹಾವೇರಿ, ಸವಣೂರು, ಧಾರವಾಡಗಳ ಸೀಮೆಯಲ್ಲಿ ಕಪ್ಪವೆತ್ತಲು ತೊಡಗಿದನು. ಆ ನಾಡು ಪೇಶ್ವೆಯ ಅಧಿಕಾರಕ್ಕೆ ಒಳಪಟ್ಟದ್ದಾದುದರಿಂದ ಸುಮ್ಮನಿರುವಂತಿರಲಿಲ್ಲ. ಪೇಶ್ವೆಯ ಸರದಾರನಾದ ಧೋಂಡೋಪಂತ ಗೋಖಲೆಯು ಇವನನ್ನು ಬೆನ್ನಟ್ಟಿ ಮುರಿದನು. ಗೋಖಲೆಗೂ ಧೋಂಡಿಯನಿಗೂ ಬೆಳೆದ ಹಗೆ ಅಂದಿನದು.

ನಿಲ್ಲಲು ನೆಲೆಯಿಲ್ಲದೆ 1794ರಲ್ಲಿ ಅವನು ತಾನು ಬಿಟ್ಟು ಬಂದ ಒಡೆಯನ ಬಾಗಿಲಿಗೇ ಹೋದನು. ಸುಮಾರು 200 ಕುದುರೆಗಳೊಡನೆ ಶ್ರೀರಂಗಪಟ್ಟಣವನ್ನು ಹೊಕ್ಕವನಿಗೆ ಮೊದಮೊದಲು ಆದರ ದೊರೆತರೂ ಬಹುದಿನ ಉಳಿಯಲಿಲ್ಲ. ಟಿಪ್ಪುವು ಅವನನ್ನು ಇಸ್ಲಾಂ ಮತಕ್ಕೆ ಸೇರಿಸಿದನು. ಮಲಿಕ್ ಜಹಾನ್ ಖಾನ್ ಎಂಬ ಹೊಸ ಹೆಸರು ಬಂದಿತು. ಆ ಬಳಿಕ ಸಂಕೋಲೆ ಬಿದ್ದಿತು. ಹೀಗೆ ಕುದುರೆಯ ಬೆನ್ನಿನ ಮೇಲೆ ಬಯಲನ್ನೇ ಮನೆಯಾಗಿಸಿಕೊಂಡಿದ್ದವನು ಕಾವೇರಿಯ ದ್ವೀಪದಲ್ಲಿ, ದಕ್ಷಿಣ ದೇಶದಲ್ಲೆಲ್ಲ ದುರ್ಭೇದ್ಯವೆಂದು ಹೆಸರಾಂತ ಗೋಡೆಗಳ ಒಳಗೆ, ಐದು ವರ್ಷಗಳ ಹತ್ತಿರಹತ್ತಿರ ಕಾಲ ಕಳೆದನು.

ಆ ಗೋಡೆಗಳು 1799ರ ಮೇ 4ರಂದು ಬಿದ್ದವು. ಆಂಗ್ಲರ ತೋಪುಗಳು ದಿನಗಟ್ಟಲೆ ಒಂದೇ ಎಡೆಗೆ ಗುಂಡಿಟ್ಟು ಗೋಡೆಯನ್ನು ಕೆಡಹಿ ದಾರಿ ಮಾಡಿದ ಮೇಲೆ, ಉರಿಬಿಸಿಲಿನ ಮಧ್ಯಾಹ್ನದಲ್ಲಿ ದಂಡು ಹೊಳೆಯನ್ನು ದಾಟಿ ಒಳನುಗ್ಗಿತು. ಮುಂದಾಳಾಗಿದ್ದ ಡೇವಿಡ್ ಬೇರ್ಡನು ಹಿಂದೆ ಅದೇ ಕೋಟೆಯಲ್ಲಿ ವರ್ಷಗಟ್ಟಲೆ ಸೆರೆಯಲ್ಲಿದ್ದವನು. ಟಿಪ್ಪುವು ಹೋರಾಡುತ್ತ ಮಡಿದನು. ಪಟ್ಟಣದ ಸೆರೆಮನೆಗಳು ತೆರೆದವು. ತೆರೆದವರಿಗೆ ಒಳಗೆ ಯಾರಾರಿದ್ದಾರೆಂಬ ವಿಚಾರಣೆಗೆ ವ್ಯವಧಾನವಿರಲಿಲ್ಲ. ಧೋಂಡಿಯನು ಹೊರಬಂದು, ಒಡೆಯನಿಲ್ಲದೆ ಚದರಿದ್ದ ಟಿಪ್ಪುವಿನ ಸವಾರರನ್ನು ಕೂಡಿಸಿಕೊಂಡು ಮಲೆನಾಡಿನ ಕಡೆಗೆ ಹೊರಟನು. ತನ್ನ ಬಿಡುಗಡೆಗೆ ಕಾರಣರಾದವರೇ ತನ್ನ ಪ್ರಾಣಕ್ಕೆ ಎರವಾಗುವರೆಂಬುದನ್ನು ಅವನು ಆಗ ಎಣಿಸಿದ್ದಿರಲಾರನು.

ಅದೇ ಮಳೆಗಾಲದಲ್ಲಿ ಬಿದನೂರಿನ ಸೀಮೆಯ ಬಹುಭಾಗ ಅವನ ಕೈಗೆ ಬಂದಿತು. ಕಂಪನಿಯ ಸರ್ಕಾರವು ಸ್ಟೀವನ್ಸನ್ ಮತ್ತು ಡಾಲ್ರಿಂಪಲ್ ಎಂಬ ಇಬ್ಬರು ಸೇನಾನಿಗಳನ್ನು ಎರಡು ದಿಕ್ಕುಗಳಿಂದ ಅಟ್ಟಿತು. ಆಗಸ್ಟಿನಲ್ಲಿ ಶಿಕಾರಿಪುರದ ಬಳಿ ಅವನ ಸವಾರರು ಚದರಿದರು; ಅಲ್ಲಿಯ ಕೋಟೆಯು ಲಗ್ಗೆಗೆ ಬಿದ್ದಿತು. ಧೋಂಡಿಯನು ಪೇಶ್ವೆಯ ಗಡಿಯನ್ನು ದಾಟಿ ತಲೆತಪ್ಪಿಸಿಕೊಂಡನು. ಅಲ್ಲಿ ಹಳೆಯ ಹಗೆಯಾದ ಗೋಖಲೆಯು ಕಾದಿದ್ದು ಅವನ ಶಿಬಿರವನ್ನು ಸೂರೆಗೊಂಡನು. ಅವನ ಕಥೆ ಅಲ್ಲಿಗೆ ಮುಗಿಯಿತೆಂದೇ ಎಲ್ಲರೂ ಬಗೆದರು.

ಮುಗಿಯಲಿಲ್ಲ. 1800ನೆಯ ಇಸವಿಯ ಮೊದಲ ತಿಂಗಳುಗಳಲ್ಲಿಯೇ ಅವನು ಮತ್ತೆ ತಲೆಯೆತ್ತಿದನು. ಆ ಕಾಲದ ನಾಡಿನ ಸ್ಥಿತಿಯನ್ನು ನೆನೆದರೆ ಇದರಲ್ಲಿ ಆಶ್ಚರ್ಯವಿಲ್ಲ. ಮೈಸೂರಿನ ದಂಡು ಒಡೆದಿತ್ತು. ಪುಣೆಯಲ್ಲಿ ಒಳಜಗಳ ಹೊತ್ತಿತ್ತು. ಸಂಬಳ ಕಾಣದ ಸವಾರರು ಊರೂರಿಗೆ ಇದ್ದರು. ಕುದುರೆಯೊಂದನ್ನು ಬಿಟ್ಟರೆ ಬೇರೆ ಆಸ್ತಿಯಿಲ್ಲದ ಅಂಥವರಿಗೆ ಯಾವನಾದರೊಬ್ಬ ನಾಯಕನು ಬೇಕಾಗಿದ್ದನು. ಅವರು ಸಾವಿರಗಟ್ಟಲೆ ಬಂದು ಸೇರಿದರು. ಧೋಂಡಿಯನು ಉಭಯಲೋಕಾಧೀಶ್ವರನೆಂಬ ಬಿರುದನ್ನು ತಾನೇ ಧರಿಸಿದನು. ಎರಡು ಲೋಕಗಳಿಗೆ ಒಡೆಯನೆನಿಸಿಕೊಂಡವನಿಗೆ ಒಂದು ತಾಲ್ಲೂಕಿನಷ್ಟು ಸ್ಥಿರವಾದ ನೆಲವೂ ಇರಲಿಲ್ಲವೆಂದು ನಗುವವರು ನಗಬಹುದು. ಆದರೆ ಕಂಪನಿಯವರು ನಗಲಿಲ್ಲ. ಆಗ ಮೈಸೂರು ಸೀಮೆಯ ದಂಡಿನ ಅಧಿಪತಿಯಾಗಿದ್ದವನು ಗವರ್ನರ್ ಜನರಲನ ತಮ್ಮನಾದ ಕರ್ನಲ್ ಆರ್ಥರ್ ವೆಲ್ಲೆಸ್ಲಿ, ಮುಂದೆ 1815ರಲ್ಲಿ ವಾಟರ್ಲೂ ರಣರಂಗದಲ್ಲಿ ನೆಪೋಲಿಯನ್ನನನ್ನು ಸೋಲಿಸಿ ಲೋಕವಿಖ್ಯಾತನಾದವನು. ಜಾವಾ ದ್ವೀಪದ ಬಟೇವಿಯದ ಮೇಲೆ ಹೋಗಲಿದ್ದ ದಂಡಯಾತ್ರೆಯ ನಾಯಕತ್ವವು ಆಗ ಅವನಿಗೆ ದೊರೆಯುವುದರಲ್ಲಿತ್ತು. ಧೋಂಡಿಯನನ್ನು ಹಿಂದೆ ಬಿಟ್ಟು ಹೋಗಲಾಗದೆಂದು ಅವನು ಅದನ್ನು ಒಲ್ಲೆನೆಂದನು. ಎದುರಾಳಿಯ ತೂಕವನ್ನು ಅಳೆಯಲು ಇದಕ್ಕಿಂತ ಬೇರೆ ತಕ್ಕಡಿ ಬೇಡ.

ಇಲ್ಲಿ ಕೋಟೆಯನ್ನು ಹಿಡಿಯುವ ವಿದ್ಯೆಯ ವಿಷಯವಾಗಿ ಕೆಲವು ಮಾತುಗಳು ಅವಶ್ಯ. ಕೌಟಿಲ್ಯನು ತನ್ನ ಅರ್ಥಶಾಸ್ತ್ರದ 13ನೆಯ ಅಧಿಕರಣವನ್ನು ಪೂರ್ತಿಯಾಗಿ ಈ ವಿಷಯಕ್ಕೇ ಮೀಸಲಿಟ್ಟಿದ್ದಾನೆ. ಮುತ್ತಿಗೆ ಹಾಕಿ ಅನ್ನನೀರುಗಳನ್ನು ತಡೆಯುವುದು, ನೆಲದಡಿಯಲ್ಲಿ ಸುರಂಗ ತೋಡುವುದು, ಒಳಗಿನವರನ್ನು ಒಡೆಯುವುದು, ಯಂತ್ರಗಳಿಂದ ಗೋಡೆಯನ್ನು ಕೆಡಹುವುದು, ಇವೆಲ್ಲ ಕಾಲವನ್ನು ಬೇಡುವ ಉಪಾಯಗಳು. ಏಣಿಯೊಂದೇ ಕಾಲವನ್ನು ಬೇಡದು. ಅದು ಬೇಡುವುದು ಪ್ರಾಣವನ್ನು. ಇದನ್ನು ನಮ್ಮವರು ಲಗ್ಗೆ ಹತ್ತುವುದೆಂದು ಕರೆದರು.

ಲಗ್ಗೆಯ ಏಣಿಯನ್ನು ಅಂದಾಜಿನಿಂದ ಕಟ್ಟುವಂತಿಲ್ಲ. ಗೋಡೆಯು 20 ಅಡಿ ಎತ್ತರವಿದ್ದರೆ 20 ಅಡಿಯ ಏಣಿ ಸಾಲದು. ಬುಡವನ್ನು ಗೋಡೆಯಿಂದ 5 ಅಡಿಯಷ್ಟಾದರೂ ಈಚೆಗೆ ಊರದಿದ್ದರೆ ಹತ್ತುವವರ ಭಾರಕ್ಕೆ ಅದು ಹಿಂದಕ್ಕೆ ಮಗುಚುವುದು. ಹಾಗೆ ಓರೆಯಾಗಿಟ್ಟಾಗ ಸುಮಾರು 21 ಅಡಿಯಾದರೂ ಬೇಕಾಗುವುದು. ಕಂದಕದ ತಳದಲ್ಲಿ ಊರಬೇಕಾದರೆ ಆ ಆಳವನ್ನೂ ಕೂಡಿಸಿಕೊಳ್ಳಬೇಕು. ಅಳತೆ ಒಂದು ಮೊಳ ಕಡಿಮೆಯಾದರೆ ಮೇಲಣ ಮೆಟ್ಟಿಲಿನಲ್ಲಿ ನಿಂತವನು ಕೈಗೆಟುಕದ ತೆನೆಯನ್ನು ನೋಡುತ್ತ ಗುಂಡಿಗೆ ಗುರಿಯಾಗುವನು. ಎರಡು ಮೊಳ ಹೆಚ್ಚಾಗಿ ತೆನೆಯ ಮೇಲಕ್ಕೆ ಚಾಚಿಕೊಂಡರೆ ಒಳಗಿನವರು ತುದಿಯನ್ನು ಹಿಡಿದು ಆಳುಗಳೊಡನೆ ಅದನ್ನು ಆಚೆಗೆ ನೂಕುವರು. ಒಂದೇ ಏಣಿಯಿಂದ ಕೋಟೆ ಬೀಳದು. ಒಬ್ಬೊಬ್ಬನಾಗಿ ಮೇಲೇರಿ ಬಂದವನನ್ನು ಒಬ್ಬೊಬ್ಬನಾಗಿಯೇ ಕಡಿದು ಹಾಕಬಹುದು. ಆದುದರಿಂದ ಎರಡು ಮೂರು ಕಡೆಗಳಲ್ಲಿ ಏಕಕಾಲಕ್ಕೆ ಏಣಿಗಳನ್ನಿಡಬೇಕು. ಇನ್ನೊಂದು ಪಡೆಯು ಬಾಗಿಲಿನ ಮೇಲೆ ಬಿದ್ದು ಕಾವಲಿನವರ ಗಮನವನ್ನು ಸೆಳೆಯಬೇಕು. ಕೆಳಗಿನಿಂದ ಬಂದೂಕುಗಳು ಎಡೆಬಿಡದೆ ಹೊಡೆದು ತೆನೆಯ ಮರೆಯಲ್ಲಿರುವವರು ತಲೆಯೆತ್ತದಂತೆ ಮಾಡಬೇಕು. 1780ರ ಆಗಸ್ಟ್ 3ರ ರಾತ್ರಿ ಗ್ವಾಲಿಯರಿನ ಬೆಟ್ಟದ ಕೋಟೆಯನ್ನು ಆಂಗ್ಲರ ಸಿಪಾಯಿಗಳು ಹತ್ತಿತು ಹೀಗೆಯೇ. ಬಂಡೆಯ ಮೇಲೆ ಹೆಜ್ಜೆಯ ಸದ್ದಾಗದಿರಲೆಂದು ಅವರ ಪಾದರಕ್ಷೆಗಳಿಗೆ ಹತ್ತಿ ತುಂಬಿದ್ದರು. ಉಡದ ಸೊಂಟಕ್ಕೆ ಹಗ್ಗ ಕಟ್ಟಿ ಸಿಂಹಗಡವನ್ನೇರಿದರೆಂಬ ತಾನಾಜಿಯ ಕಥೆಯನ್ನು ಜನ ರಸವತ್ತಾಗಿ ಹೇಳುವರು. ಅದು ಕಥೆ. ಹತ್ತಿಯ ಪಾದರಕ್ಷೆಗಳು ಇತಿಹಾಸ.

ಕೋಟೆ ಕಟ್ಟುವವರು ಇದನ್ನೆಲ್ಲ ಅರಿಯದವರಲ್ಲ. ಕೊತ್ತಳಗಳನ್ನು ಗೋಡೆಯಿಂದ ಮುಂದಕ್ಕೆ ಉಬ್ಬಿಸಿ ಕಟ್ಟಿದುದು, ಏಣಿ ಹತ್ತುವವನ ಪಕ್ಕೆಗೆ ಅಲ್ಲಿಂದ ಗುರಿಯಿಡಲೆಂದೇ. ಬಾಗಿಲಿನ ದಾರಿಯನ್ನು ಸುತ್ತುಬಳಸಾಗಿಸಿದುದು, ತೆನೆಗಳಲ್ಲಿ ಕೆಳಮುಖವಾದ ಕಿಂಡಿಗಳನ್ನು ಬಿಟ್ಟುದು, ಕಲ್ಲುಗುಂಡುಗಳನ್ನೂ ಕುದಿಯುವ ಎಣ್ಣೆಯನ್ನೂ ಸಿದ್ಧವಿರಿಸುತ್ತಿದ್ದುದು, ಎಲ್ಲವೂ ಇದೇ ಏಣಿಯ ಭಯದಿಂದ. ಆದರೆ ಕಲ್ಲು ತಾನಾಗಿ ಕಾದಲಾರದು. ಗೋಡೆಯ ಸುತ್ತಳತೆಗೆ ತಕ್ಕಷ್ಟು ಆಳುಗಳು ಇರಬೇಕು. ಹೊರಗಿನಿಂದ ನೆರವು ಬರುವುದೆಂಬ ಭರವಸೆ ಅವರಿಗಿರಬೇಕು. ಧೋಂಡಿಯನ ಕೋಟೆಗಳಲ್ಲಿ ಇವೆರಡೂ ಇರಲಿಲ್ಲ.

ಅವನ ಬಲವಿದ್ದುದು ವೇಗದಲ್ಲಿ. ಇಂದು ಇಲ್ಲಿ, ನಾಳೆ 40 ಮೈಲಿಯಾಚೆ. ಭಾರವಾದ ತೋಪುಗಳನ್ನೂ ಎತ್ತಿನ ಸಾಲುಗಳನ್ನೂ ಎಳೆದುಕೊಂಡು ನಡೆಯುವ ದಂಡಿಗೆ ಅಂಥವನು ಸಿಗುವುದು ದುರ್ಲಭ. ಆದರೆ ಸಾವಿರಾರು ಕುದುರೆಗಳಿಗೆ ಹುಲ್ಲು ಹುರುಳಿ ಬೇಕು. ಆಳುಗಳಿಗೆ ಅನ್ನ ಬೇಕು. ಎತ್ತಿದ ಕಪ್ಪವನ್ನು ಇಡಲು ಸ್ಥಳ ಬೇಕು. ಅದಕ್ಕಾಗಿ ಗೋಡೆಯಿರುವ ಊರುಗಳನ್ನು ಹಿಡಿದು ಒಂದೊಂದರಲ್ಲಿಯೂ ಐನೂರೋ ಸಾವಿರವೋ ಕಾಲಾಳುಗಳನ್ನು ಕಾವಲಿಟ್ಟನು. ಕುದುರೆಯುಳ್ಳವನು ಕುದುರೆಯಿಲ್ಲದವರನ್ನು ಗೋಡೆಯೊಳಗೆ ಬಿಟ್ಟು ಮುಂದೆ ಹೋದನೆಂಬುದೇ ಈ ವೃತ್ತಾಂತದ ಕಹಿಯಾದ ಸತ್ಯ. ಶ್ರೀರಂಗಪಟ್ಟಣದಂಥ ಕೋಟೆಯೇ ನಿಲ್ಲದುದನ್ನು ಕಣ್ಣಾರೆ ಕಂಡಿದ್ದವನು ಅವನು.

ವೆಲ್ಲೆಸ್ಲಿಯು ಜೂನ್ ತಿಂಗಳಿನಲ್ಲಿ ಹರಿಹರದ ಬಳಿ ತುಂಗಭದ್ರೆಯನ್ನು ದಾಟಿದನು. ದಾಟಿದವನು ಧೋಂಡಿಯನ ಕುದುರೆಗಳ ಹಿಂದೆ ಸುಮ್ಮನೆ ಓಡಲಿಲ್ಲ. ಅವು ಮೇಯುವ ಊರುಗಳನ್ನು ಒಂದೊಂದಾಗಿ ಕಿತ್ತುಕೊಳ್ಳತೊಡಗಿದನು. ಜೂನ್ 27ರಂದು ರಾಣೆಬೆನ್ನೂರಿನ ಕೋಟೆಗೆ ಏಣಿಗಳು ಬಿದ್ದವು. ಅಂದೇ ಅದು ವಶವಾಯಿತು. ಆ ದಿನಗಳಲ್ಲಿಯೇ ಧೋಂಡಿಯನಿಗೆ ತನ್ನ ಜೀವಿತದ ಅತಿದೊಡ್ಡ ಗೆಲವು ದೊರೆತುದು ದೈವವಿಲಾಸವೆನ್ನಬೇಕು. ಕಿತ್ತೂರಿನ ಕಾಡುಸೀಮೆಯಲ್ಲಿ ಅವನು ಗೋಖಲೆಯ ದಂಡಿನ ಮೇಲೆ ಹಠಾತ್ತಾಗಿ ಬಿದ್ದನು. ಜೂನ್ 30ರಂದು ಧೋಂಡೋಪಂತ ಗೋಖಲೆಯು ಆ ಕಾಳಗದಲ್ಲಿ ಹತನಾದನು. ಹಗೆಯ ರಕ್ತದಲ್ಲಿ ಮೀಸೆಯನ್ನು ಅದ್ದುವೆನೆಂದು ಧೋಂಡಿಯನು ಆಣೆಯಿಟ್ಟಿದ್ದನೆಂದೂ ಅಂದು ಅದನ್ನು ತೀರಿಸಿಕೊಂಡನೆಂದೂ ಜನ ಆಡಿಕೊಂಡರು. ಗೋಖಲೆಯ ಬಂಧುವಾದ ಬಾಪು ಗೋಖಲೆಯು ಉಳಿದು ಬಂದು ವೆಲ್ಲೆಸ್ಲಿಯನ್ನು ಕೂಡಿಕೊಂಡನು. ಅವನು ಮುಂದೆ ಪೇಶ್ವೆಯ ಸೇನಾಪತಿಯಾಗಿ 1818ರಲ್ಲಿ ಅದೇ ಆಂಗ್ಲರ ವಿರುದ್ಧ ಕಾದಿ ಮಡಿದನು. ಕಿತ್ತೂರಿನಲ್ಲಿ ಆಗ ಆಳುತ್ತಿದ್ದವನು ಮಲ್ಲಸರ್ಜ ದೇಸಾಯಿ, ವೀರರಾಣಿ ಚೆನ್ನಮ್ಮನ ಪತಿ. ಅವನು ವೆಲ್ಲೆಸ್ಲಿಗೆ ನೆರವಾದನು. ಅದೇ ಕಂಪನಿಯ ಸರ್ಕಾರವು 24 ವರ್ಷಗಳ ತರುವಾಯ ಕಿತ್ತೂರಿಗೆ ಮಾಡಿದುದೇನೆಂಬುದನ್ನು ಈ ನಾಡಿನ ಶಾಲಾಬಾಲಕರೆಲ್ಲರೂ ಬಲ್ಲರು. 1800ರಲ್ಲಿ ಯಾರೂ ಅದನ್ನು ಬಲ್ಲವರಾಗಿರಲಿಲ್ಲ.

ಗೋಖಲೆಯನ್ನು ಕೊಂದ ಹಮ್ಮಿನಲ್ಲಿ ಧೋಂಡಿಯನು ತಾನೇ ವೆಲ್ಲೆಸ್ಲಿಯನ್ನು ಎದುರಿಸಲು ಬಂದನು. ದಂಡು ಹತ್ತಿರವಾದಂತೆ ಹಿಂದೆ ಸರಿದನು. ಜುಲೈ 14ರಂದು ವೆಲ್ಲೆಸ್ಲಿಯ ಸೈನ್ಯವು 20 ಮೈಲಿಗೂ ಹೆಚ್ಚು ನಡೆದು ಕುಂದಗೋಳದ ಮುಂದೆ ನಿಂತಿತು. ಒಳಗೆ ಧೋಂಡಿಯನ ಸುಮಾರು 600 ಆಳುಗಳಿದ್ದರು. ಸಣ್ಣ ತೋಪೊಂದನ್ನು ತಂದು ಬಾಗಿಲನ್ನು ಒಡೆಯುವ ಪ್ರಯತ್ನ ಫಲಿಸಲಿಲ್ಲ. ಬಾಗಿಲು ತೆರೆಯದಿದ್ದರೇನಾಯಿತು, ಗೋಡೆಗೆ ಏಣಿಗಳನ್ನು ಒರಗಿಸಿದರು. ದಣಿದ ಕಾಲುಗಳಿಂದಲೇ ಹತ್ತಿ ಒಳಗೆ ಧುಮುಕಿದರು. ಹೊರಗೆ ಅಶ್ವದಳವು ಊರನ್ನು ಸುತ್ತುವರಿದಿದ್ದುದರಿಂದ ಇಳಿದು ಓಡಿದವರಿಗೂ ಎಡೆಯಿರಲಿಲ್ಲ. ಆಗ ಧೋಂಡಿಯನು ಶಿರಹಟ್ಟಿಯನ್ನು ಮುತ್ತಿದ್ದನು. ಸುದ್ದಿ ತಿಳಿದು ಮುತ್ತಿಗೆಯನ್ನು ತೆಗೆದನು, ನೆರವಿಗೆ ಬರಲಿಲ್ಲ.

ಮುಂದಿನದು ಡಂಬಳ. ದೊಡ್ಡ ಬಸಪ್ಪನ ದೇವಾಲಯದ ನಕ್ಷತ್ರಾಕಾರದ ತಳವಿನ್ಯಾಸದಿಂದ ಶಿಲ್ಪಜ್ಞರ ಮೆಚ್ಚುಗೆಯನ್ನೂ, ತೋಂಟದಾರ್ಯ ಮಠದ ಪರಂಪರೆಯಿಂದ ಶರಣಭಕ್ತರ ಗೌರವವನ್ನೂ ಪಡೆದ ಊರು ಅದು. ಅಲ್ಲಿಯ ಕಲ್ಲಿನ ಕೋಟೆ ಬಲವಾದುದು. ಸುತ್ತ ನೀರಿಲ್ಲದ ಕಂದಕ. ಒಳಗೆ ಸುಮಾರು ಸಾವಿರ ಜನರ ಕಾವಲು. ಜುಲೈ 26ರಂದು ವೆಲ್ಲೆಸ್ಲಿಯು ದಂಡನ್ನು ಮೂರು ಪಾಲು ಮಾಡಿದನು. ಒಂದು ಬಾಗಿಲಿನ ಕಡೆಗೆ, ಇನ್ನೆರಡು ಏಣಿಗಳೊಡನೆ ಗೋಡೆಯ ಎರಡು ಮಗ್ಗುಲುಗಳಿಗೆ ನಡೆದವು. ಒಣಗಿದ ಕಂದಕವು ಕಾಪಾಡುವ ಬದಲು ಏಣಿಯನ್ನು ಊರುವ ನೆಲವಾಯಿತು. ಮೂರು ಕಡೆಗೆ ಹಂಚಿಹೋದ ಕಾವಲಿನವರು ಯಾವ ಕಡೆಯಲ್ಲಿಯೂ ಸಾಲದಾದರು. ಹತ್ತಿದವರ ಕಡೆಯಲ್ಲಿ ಸತ್ತವರು ತೀರ ವಿರಳ. ಒಳಗಿದ್ದವರ ಪಾಡು ಹಾಗಿರಲಿಲ್ಲ. ದೊರೆಯುವ ವೃತ್ತಾಂತಗಳೆಲ್ಲ ಬಹುಮಟ್ಟಿಗೆ ಗೆದ್ದವರು ಬರೆದವು. ಅವುಗಳಲ್ಲಿ ಏಣಿ ಹತ್ತಿಸಿದ ಅಧಿಕಾರಿಗಳ ಹೆಸರುಗಳುಂಟು, ಗೋಡೆಯ ಮೇಲೆ ನಿಂತು ಕಾದಿದ ಕನ್ನಡನಾಡಿನ ಆಳುಗಳ ಹೆಸರು ಒಂದೂ ಇಲ್ಲ. ಡಂಬಳದ ಸುದ್ದಿ ಮುಟ್ಟಿದೊಡನೆ ಗದಗಿನ ಕಾವಲಿನವರು ಕೋಟೆಯನ್ನು ಬಿಟ್ಟು ನಡೆದರು. ಅವರ ನಡೆಯನ್ನು ಹೇಡಿತನವೆಂದು ಹಳಿಯುವುದು ಸುಲಭ. ಆದರೆ ತಮ್ಮ ಒಡೆಯನು ಬಾರನೆಂಬುದನ್ನು ಅವರು ಆ ವೇಳೆಗೆ ಚೆನ್ನಾಗಿ ಅರಿತಿದ್ದರು.

ನೆಲೆಗಳು ಹೋದ ಮೇಲೆ ಉಳಿದುದು ಓಟ ಮಾತ್ರ. ಜುಲೈ 30ರಂದು ಮಲಪ್ರಭೆಯ ದಡದ ಮುನವಳ್ಳಿಯ ಬಳಿ ಧೋಂಡಿಯನ ಸಾಮಾನು ಸರಂಜಾಮುಗಳ ಶಿಬಿರವು ಸಿಕ್ಕಿಬಿದ್ದಿತು. ಆನೆಗಳು, ಒಂಟೆಗಳು, ಎತ್ತುಗಳು ಕೈತಪ್ಪಿದವು. ಮಳೆಗಾಲದ ತುಂಬು ಹೊಳೆಗೆ ಬಿದ್ದು ಬಹುಮಂದಿ ಮುಳುಗಿದರು. ಅಲ್ಲಿಂದಾಚೆಗೆ ಆರು ವಾರಗಳ ಕಾಲ ಅವನು ಕಂಪನಿಯ ದಂಡನ್ನು ಮಲಪ್ರಭೆಯ ಎರಡೂ ದಡಗಳಲ್ಲಿ ಅಲೆಸಿದನು. ಕವಿರಾಜಮಾರ್ಗವು ತಿರುಳ್ಗನ್ನಡದ ನಾಡೆಂದು ಹೆಸರಿಸಿದ ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದಗಳ ನಡುವಣ ಪ್ರದೇಶವನ್ನು ನಕ್ಷೆಯಲ್ಲಿ ಗುರುತಿಸಿದರೆ, ಧೋಂಡಿಯನ ಓಟದ ಜಾಡು ಬಹುಪಾಲು ಅದರ ಮೇಲೆಯೇ ಬೀಳುತ್ತದೆ. ಓಡುವವರೂ ಅಟ್ಟುವವರೂ ತುಳಿದುದು ಅಲ್ಲಿಯ ರೈತರ ಮುಂಗಾರು ಪೈರನ್ನು. ಧೋಂಡಿಯನನ್ನು ಆಂಗ್ಲರ ವಿರುದ್ಧ ಎದ್ದ ಮೊದಲಿಗರಲ್ಲಿ ಒಬ್ಬನೆಂದು ಗೌರವಿಸುವವರುಂಟು. ಬರಿಯ ಸುಲಿಗೆಗಾರನೆಂದು ಕಂಪನಿಯವರು ಬರೆದರು. ಅವನು ಕಂಪನಿಗೆ ತಲೆಬಾಗದೆ ಸತ್ತನೆಂಬುದು ನಿಜ. ಲಕ್ಷ್ಮೇಶ್ವರ, ಸವಣೂರುಗಳ ಬಡವನು ಅವನ ಸವಾರರ ಧೂಳನ್ನು ಕಂಡು ಕಾಳಿನ ಹಗೇವನ್ನು ಮುಚ್ಚುತ್ತಿದ್ದನೆಂಬುದೂ ನಿಜ. ಒಂದನ್ನು ಹೇಳಲು ಇನ್ನೊಂದನ್ನು ಮರೆಮಾಚಬೇಕಾದ ಅಗತ್ಯವಿಲ್ಲ.

ಸೆಪ್ಟೆಂಬರಿನಲ್ಲಿ ವೆಲ್ಲೆಸ್ಲಿಯು ಮಲಪ್ರಭೆಯನ್ನು ದಾಟಿ, ಹನುಮಸಾಗರದ ಮೇಲಿನಿಂದ ನಿಜಾಮನ ಸೀಮೆಯನ್ನು ಹೊಕ್ಕು 8ನೆಯ ತಾರೀಖಿನ ಹೊತ್ತಿಗೆ ಕನಕಗಿರಿಯ ಪ್ರದೇಶವನ್ನು ತಲುಪಿದನು. ಉತ್ತರದಿಂದ ಸ್ಟೀವನ್ಸನ್ನನು ಬರುತ್ತಿದ್ದನು. ಕೃಷ್ಣೆಯ ಕಡೆಗೆ ಹೊರಟ ಧೋಂಡಿಯನು ಸ್ಟೀವನ್ಸನ್ನನ ದಂಡನ್ನು ಕಂಡು ಹಿಂದಿರುಗಿದನು. ಹಿಂದಿರುಗಿ ಬೀಡುಬಿಟ್ಟುದು ವೆಲ್ಲೆಸ್ಲಿಗೆ 9 ಮೈಲಿ ದೂರದಲ್ಲಿ. ಅವನಿಗೆ ಅದರ ಅರಿವಿರಲಿಲ್ಲ. 10ರ ಬೆಳಿಗ್ಗೆ ಯಾಪಲಪರ್ವಿಗೆ 6 ಮೈಲಿ ದೂರದ, ಆಂಗ್ಲರ ಕಾಗದಗಳಲ್ಲಿ ಕೋನಗಲ್ ಎಂದು ಕಾಣುವ ಹಳ್ಳಿಯ ಬಳಿ ಇಬ್ಬರೂ ಎದುರಾದರು. ಧೋಂಡಿಯನಲ್ಲಿ ಸುಮಾರು 5000 ಕುದುರೆ. ವೆಲ್ಲೆಸ್ಲಿಯಲ್ಲಿ ಕೇವಲ ನಾಲ್ಕು ಅಶ್ವದಳ, ಎರಡು ಬಿಳಿಯರದು, ಎರಡು ಮದರಾಸಿನವರದು. ಹಳ್ಳಿಯನ್ನೂ ಬಂಡೆಯನ್ನೂ ಬೆನ್ನಿಗಿಟ್ಟುಕೊಂಡು ಧೋಂಡಿಯನು ಗಟ್ಟಿಯಾಗಿಯೇ ನಿಂತನು. ವೆಲ್ಲೆಸ್ಲಿಯು ಹಿಂದೆ ಮೀಸಲು ಪಡೆಯನ್ನೇ ಇಡದೆ ನಾಲ್ಕು ದಳಗಳನ್ನೂ ಒಂದೇ ಸಾಲಾಗಿ ಹರಡಿ ನುಗ್ಗಿಸಿದನು. ಸಾಲು ಮುರಿಯಿತು. ಮೈಲಿಗಟ್ಟಲೆ ಅಟ್ಟಿಕೊಂಡು ಹೋದರು. ಬಿದ್ದವರಲ್ಲಿ ಧೋಂಡಿಯನೂ ಇದ್ದನು. ಅವನ ಶವವನ್ನು ತೋಪಿನ ಗಾಡಿಗೆ ಬಿಗಿದು ಬಿಡಾರಕ್ಕೆ ತಂದರು.

ಒಂದು ತಿಂಗಳು ಕಳೆದು, ಅಕ್ಟೋಬರ್ 12ರ ಒಪ್ಪಂದದಿಂದ ನಿಜಾಮನು ಬಳ್ಳಾರಿ ಸೀಮೆಯನ್ನು ಕಂಪನಿಗೆ ಬಿಟ್ಟುಕೊಟ್ಟನು. ತೆಕ್ಕಲಕೋಟೆ, ಸಿರುಗುಪ್ಪೆ, ಕುರುಗೋಡುಗಳ ಜನ ಹೊಸ ಒಡೆಯನನ್ನು ಕಂಡರು. ಥಾಮಸ್ ಮನ್ರೋ ಕಲೆಕ್ಟರನಾಗಿ ಬಂದನು. ಮರುವರ್ಷವೇ ನೆರೆಯ ಆದವಾನಿ ಸೀಮೆಯ ತೆರ್ನೆಕಲ್ಲಿನ ಜನ ಕೋಟೆಯ ಬಾಗಿಲನ್ನು ಮುಚ್ಚಿ ನಿಂತರು. ಕಂಪನಿಯ ದಂಡು ಮೊದಲು ಹತ್ತಿದ ಲಗ್ಗೆಯನ್ನು ಅವರು ಹಿಮ್ಮೆಟ್ಟಿಸಿದರು. ಭಾರಿಯ ತೋಪುಗಳನ್ನು ತರಿಸಿದ ಮೇಲೆಯೇ ಆ ಊರು ಬಿದ್ದುದು. ಏಣಿಯನ್ನು ನೂಕಲು ಸಾಧ್ಯವಿತ್ತೆಂಬುದಕ್ಕೆ ಇದು ಸಾಕ್ಷಿ; ಅಲ್ಲಿ ಗೋಡೆಯ ಮೇಲೆ ನಿಂತವರು ಆ ಊರಿನವರೇ ಆಗಿದ್ದರು. ವೆಲ್ಲೆಸ್ಲಿಯು 1803ರ ಆಗಸ್ಟ್ 8ರಂದು ಅಹಮದನಗರದ ಪೇಟೆಯ ಗೋಡೆಗೂ ಏಣಿಗಳನ್ನಿರಿಸಿದನು. ಅಲ್ಲಿ ಗೋಡೆಯ ಒಳಮಗ್ಗುಲಿಗೆ ನಿಲ್ಲಲು ಅಟ್ಟಣೆಯಿರಲಿಲ್ಲ; ಹತ್ತಿದವರು ಗೋಡೆಯ ನೆತ್ತಿಯ ಮೇಲೆ ನಿರಾಶ್ರಯರಾಗಿ ಗುಂಡಿಗೆ ಬಿದ್ದರು. ಆದರೂ ಪೇಟೆ ಅಂದೇ ವಶವಾಯಿತು. 1812ರಲ್ಲಿ ಸ್ಪೇನ್ ದೇಶದ ಬದಾಹೋಸ್ ಕೋಟೆಯ ಮುಂದೆ ಅವನ ಸಾವಿರಾರು ಜನ ತೋಪಿನಿಂದ ಒಡೆದ ದಾರಿಗಳಲ್ಲಿ ಸತ್ತು ಬಿದ್ದಾಗ, ಕಡೆಗೆ ಒಳಹೊಕ್ಕುದು ಏಣಿಯಿಂದ ಗೋಡೆ ಹತ್ತಿದವರೇ.

ಕೋನಗಲ್ಲಿನಲ್ಲಿ ಸಿಕ್ಕಿದ ಸಾಮಾನುಗಳ ನಡುವೆ ನಾಲ್ಕು ವರ್ಷದ ಗಂಡುಮಗುವೊಂದು ಕಂಡುಬಂದಿತು. ಧೋಂಡಿಯನ ಸಾಕುಮಗನೆಂದು ತಿಳಿಯಿತು; ಹೆಸರು ಸಲಾಬತ್ ಖಾನ್. ವೆಲ್ಲೆಸ್ಲಿಯು ಅವನನ್ನು ತನ್ನ ಡೇರೆಗೆ ಕರೆಯಿಸಿಕೊಂಡು ಸಾಕಿದನು. 1805ರಲ್ಲಿ ಇಂಡಿಯಾವನ್ನು ಬಿಟ್ಟು ಹೊರಡುವಾಗ ಅವನ ಪೋಷಣೆಗೆಂದು ಶ್ರೀರಂಗಪಟ್ಟಣದಲ್ಲಿ ಹಣವನ್ನಿಟ್ಟು ಹೋದನು. ತಂದೆಯು ಸೆರೆಯಲ್ಲಿ ಕುಳಿತಿದ್ದ ಊರಿನ ಆಸುಪಾಸಿನಲ್ಲಿಯೇ ಹುಡುಗನು ಬೆಳೆದನು. ಪ್ರಾಯಕ್ಕೆ ಬಂದ ಮೇಲೆ ಮೈಸೂರಿನ ಮಹಾರಾಜರ ಸೇವೆಯನ್ನು ಸೇರಿ, 1822ರಲ್ಲಿ ಕಾಲರಾ ಬೇನೆಯಿಂದ ತೀರಿಕೊಂಡನು.